ಮಿರರ್ ಸರ್ವರ್: ಮುಕ್ತ ತಂತ್ರಾಂಶದ ಡೌನ್‌ಲೋಡ್ ಭಾರ ಹಂಚಿಕೊಳ್ಳುವ ವ್ಯವಸ್ಥೆ

ಒಂದು ತಂತ್ರಾಂಶದ ಮೂಲ ಸರ್ವರ್‌ನಲ್ಲಿರುವ ಕಡತಗಳನ್ನು ಸ್ವಲ್ಪವೂ ಬದಲಿಸದೆ ಇನ್ನೊಂದು ಊರಿನ ಸರ್ವರ್‌ನಲ್ಲಿ ಪ್ರತಿ ಮಾಡಿಟ್ಟು, ಕೇಳಿದವರಿಗೆಲ್ಲ ಉಚಿತವಾಗಿ ಕೊಡುವ ಏರ್ಪಾಡಿಗೆ ಮಿರರ್ ಎಂದು ಹೆಸರು. ಕನ್ನಡಿಯಲ್ಲಿ ಕಾಣುವ ಬಿಂಬದಂತೆ ಅಲ್ಲಿರುವುದೇ ಇಲ್ಲಿಯೂ ಇರುತ್ತದೆ. ಉಬುಂಟು, ಡೆಬಿಯನ್, ಫೆಡೋರಾ, ಲಿಬ್ರೆಆಫೀಸ್, ವಿಎಲ್‌ಸಿ ಮೊದಲಾದ ಮುಕ್ತ ತಂತ್ರಾಂಶಗಳನ್ನು ಇಳಿಸಿಕೊಳ್ಳಲು ನಾವು ಹಣ ಕೊಡುವುದಿಲ್ಲ. ಆದರೆ ಕಳುಹಿಸುವವರಿಗೆ ಖರ್ಚು ಇದ್ದೇ ಇದೆ. ಸರ್ವರ್, ಡಿಸ್ಕ್, ವಿದ್ಯುತ್ತು, ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾಂಡ್‌ವಿಡ್ತ್. ಈ ಖರ್ಚನ್ನು ಜಗತ್ತಿನ ಹಲವಾರು ವಿಶ್ವವಿದ್ಯಾಲಯಗಳು, ಇಂಟರ್ನೆಟ್ ಕಂಪನಿಗಳು ಮತ್ತು ಸ್ವಯಂಸೇವಕರು ಹಂಚಿಕೊಂಡು ಹೊತ್ತಿದ್ದಾರೆ.

ಈ ವ್ಯವಸ್ಥೆ ಹೇಗೆ ನಡೆಯುತ್ತದೆ, ನಮ್ಮ ಊರುಗಳಿಗೆ ಇದರಿಂದ ಏನು ಪ್ರಯೋಜನ, ನಾವು ಇದರಲ್ಲಿ ಹೇಗೆ ಪಾಲುಗೊಳ್ಳಬಹುದು ಎಂಬುದನ್ನು ಸದಸ್ಯರ ಮಾಹಿತಿಗಾಗಿ ಇಲ್ಲಿ ಕೊಡಲಾಗಿದೆ.

ಗಡಿನಾಡಿಗೆ ಇದರಿಂದೇನು?

ತೇನಿ ಜಿಲ್ಲೆಯ ಕೊಂಬೈ ಊರು ಪಶ್ಚಿಮ ಘಟ್ಟದ ಬುಡದಲ್ಲಿದೆ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್, ಅನುಪ್ಪರ್ ಮುಂತಾದ ಸಮುದಾಯಗಳ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡ ಮಾತು ಉಳಿದುಬಂದಿದೆ. ಶಾಲೆ ತಮಿಳಿನದು, ಅಂಗಡಿ ಬೋರ್ಡು ತಮಿಳಿನದು. ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ ಎನ್ನುವವರೇ ಹೆಚ್ಚು. ಇಂಥ ಕಡೆ ಮಗುವೊಂದು ಕನ್ನಡ ಅಕ್ಷರ ಕಲಿಯಬೇಕಾದರೆ ಪುಸ್ತಕದಂಗಡಿಗಿಂತ ಮೊದಲು ಕೈಗೆ ಸಿಗುವುದು ಕಂಪ್ಯೂಟರು ಅಥವಾ ಮೊಬೈಲು. ಅದರಲ್ಲಿ ಕನ್ನಡ ಫಾಂಟ್ ಇರಬೇಕು, ಕೀಲಿಮಣೆ ವಿನ್ಯಾಸ ಇರಬೇಕು, ಬರೆಯಲು ಒಂದು ತಂತ್ರಾಂಶ ಇರಬೇಕು.

ಇವೆಲ್ಲ ಮುಕ್ತ ತಂತ್ರಾಂಶವಾಗಿ ಈಗಾಗಲೇ ಇವೆ. ಡೆಬಿಯನ್ ಭಂಡಾರದಲ್ಲಿ ಲೋಹಿತ್, ಗುಬ್ಬಿ, ನವಿಲು, ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟ್‌ಗಳಿವೆ. ಕೆಜಿಪಿ ವಿನ್ಯಾಸದಲ್ಲಿ ಟೈಪ್ ಮಾಡುವ ಸೌಲಭ್ಯವಿದೆ. ಚಿತ್ರದಲ್ಲಿರುವ ಕನ್ನಡ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ಓಸಿಆರ್‌ಗೆ ಬೇಕಾದ ಕನ್ನಡ ದತ್ತಾಂಶವೂ ಇದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಮಿರರ್ ಇಡುವವರು ಯಾವ ಕಡತಕ್ಕೆ ಬೇಡಿಕೆ ಹೆಚ್ಚು, ಯಾವುದಕ್ಕೆ ಕಡಿಮೆ ಎಂದು ನೋಡಿ ಆರಿಸಿಡುವುದಿಲ್ಲ. ಭಂಡಾರವನ್ನು ಇಡಿಯಾಗಿ ಪ್ರತಿ ಮಾಡುತ್ತಾರೆ. ಕೋಟಿ ಜನ ಬಳಸುವ ಬ್ರೌಸರ್ ಇರುವ ಡಿಸ್ಕ್‌ನಲ್ಲೇ ಕೆಲವೇ ಜನ ಕೇಳುವ ಒಂದು ಕನ್ನಡ ಫಾಂಟ್ ಕೂಡ ಇರುತ್ತದೆ. ಜರ್ಮನಿಯ ಮಿರರ್‌ನಲ್ಲೂ ಅದಿದೆ, ಜಪಾನಿನದರಲ್ಲೂ ಇದೆ, ಚೆನ್ನೈನದರಲ್ಲೂ ಇದೆ. ಜನಸಂಖ್ಯೆ ಕಡಿಮೆ ಇರುವ ಕಡೆಯ ಕನ್ನಡಿಗರಿಗೆ ಇದು ಸಣ್ಣ ಅನುಕೂಲವಲ್ಲ. ‘ನಿಮ್ಮ ಊರಲ್ಲಿ ಕೇಳುವವರು ಎಷ್ಟು ಜನ?’ ಎಂದು ಯಾರೂ ಕೇಳುವುದಿಲ್ಲ.

ಬೆಳೆದು ಬಂದ ದಾರಿ

1991ರಲ್ಲಿ ಲಿನಕ್ಸ್ ಮೊದಲು ಸಾರ್ವಜನಿಕರಿಗೆ ದೊರೆತದ್ದೇ ಫಿನ್ಲೆಂಡ್‌ನ ಫುನೆಟ್ ಎಂಬ ಎಫ್‌ಟಿಪಿ ಸರ್ವರ್‌ನಿಂದ. ಆ ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ ಅವರೇ ಅದಕ್ಕೆ ಲಿನಕ್ಸ್ ಎಂಬ ಹೆಸರಿನ ಕೋಶ ಮಾಡಿಕೊಟ್ಟರು. ಆಗ ಖಂಡಗಳ ನಡುವಿನ ಸಂಪರ್ಕ ನಿಧಾನ ಮತ್ತು ದುಬಾರಿ. ಒಂದೇ ಕಡತವನ್ನು ನೂರು ಜನ ಸಮುದ್ರದಾಚೆಯಿಂದ ತರಿಸುವ ಬದಲು ಒಬ್ಬರು ತರಿಸಿಟ್ಟುಕೊಂಡು ಉಳಿದವರಿಗೆ ಹಂಚುವುದು ಎಲ್ಲರಿಗೂ ಒಪ್ಪಿಗೆಯಾಯಿತು. ವಿಶ್ವವಿದ್ಯಾಲಯಗಳ ಎಫ್‌ಟಿಪಿ ಸರ್ವರ್‌ಗಳು ಹೀಗೆ ಮಿರರ್‌ಗಳಾದವು.

1996ರಲ್ಲಿ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಆರ್‌ಸಿಂಕ್ ಎಂಬ ಉಪಕರಣ ಹೊರತಂದರು. ಎರಡು ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನು ಮಾತ್ರ ಕಳುಹಿಸುವುದು ಅದರ ಕೆಲಸ. ಇಂದಿಗೂ ಮಿರರ್‌ಗಳ ಬೆನ್ನೆಲುಬು ಅದೇ. ಎಫ್‌ಟಿಪಿ ಬಳಕೆ ಮಾತ್ರ ಹಿಂದೆ ಸರಿದಿದೆ. ಡೆಬಿಯನ್ ತನ್ನ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನು 2017ರ ನವೆಂಬರ್ 1ರಂದು ನಿಲ್ಲಿಸಿ ಎಚ್‌ಟಿಟಿಪಿಯನ್ನೇ ಉಳಿಸಿಕೊಂಡಿತು.

ನಮ್ಮ ಕಡೆಯ ಹಿರಿಯ ಸದಸ್ಯರಿಗೆ ಸಿಡಿಗಳ ಕಾಲ ನೆನಪಿರಬಹುದು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಲಿನಕ್ಸ್ ಸಿಡಿ ಬರುತ್ತಿತ್ತು. 2005ರಿಂದ 2011ರವರೆಗೆ ಉಬುಂಟು ಸಿಡಿಯನ್ನು ‘ಶಿಪ್‌ಇಟ್’ ಯೋಜನೆಯಲ್ಲಿ ಅಂಚೆಯ ಮೂಲಕ ಪುಕ್ಕಟೆಯಾಗಿ ಕಳುಹಿಸುತ್ತಿದ್ದರು. ಅದು ನಿಂತ ಮೇಲೆ ಸಣ್ಣ ಊರಿನವರಿಗೂ ಡೌನ್‌ಲೋಡೇ ಗತಿಯಾಯಿತು.

ಹಂತ ಹಂತದ ಹಂಚಿಕೆ

ಕಂಬಂ ಕಣಿವೆಯವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳುವುದು ಸುಲಭ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಸುರಂಗದ ಮೂಲಕ ಘಟ್ಟ ದಾಟಿ ಈ ಕಣಿವೆಗೆ ಇಳಿಯುತ್ತದೆ. ಹದಿನೆಂಟನೆಯ ಕಾಲುವೆ ಉತ್ತಮಪಾಳಯಂ, ಬೋಡಿನಾಯಕನೂರು ಕಡೆಯ ಕೆರೆಗಳನ್ನು ತುಂಬಿಸುತ್ತದೆ. ರೈತರು ಯಾರೂ ಅಣೆಕಟ್ಟಿನ ತನಕ ಹೋಗಿ ನೀರು ತರುವುದಿಲ್ಲ. ತಮ್ಮ ಊರಿನ ಕೆರೆಯ ತೂಬಿನಿಂದ ಪಡೆಯುತ್ತಾರೆ.

ಮಿರರ್‌ಗಳಲ್ಲೂ ಹೀಗೆಯೇ ಹಂತಗಳಿವೆ. ಮೂಲ ಸರ್ವರ್‌ನಿಂದ ನೇರವಾಗಿ ಪ್ರತಿ ಪಡೆಯುವವು ಮೊದಲ ಹಂತದ ಮಿರರ್‌ಗಳು. ಇವು ಕೆಲವೇ ಇರುತ್ತವೆ, ಇವುಗಳ ಸಂಪರ್ಕ ವೇಗವಾಗಿರುತ್ತದೆ. ಇವುಗಳಿಂದ ಪಡೆಯುವವು ಎರಡನೆಯ ಹಂತದವು. ಸಾಮಾನ್ಯ ಬಳಕೆದಾರರು ಯಾವ ಹಂತದಿಂದಲಾದರೂ ಪಡೆಯಬಹುದು.

ಡೆಬಿಯನ್ ಭಂಡಾರ ದಿನಕ್ಕೆ 4 ಬಾರಿ ಹೊಸದಾಗುತ್ತದೆ. ಹೊಸದಾದ ಕೂಡಲೇ ಮೇಲಿನ ಹಂತದ ಸರ್ವರ್ ಕೆಳಗಿನದಕ್ಕೆ ಸಂಕೇತ ಕಳುಹಿಸುತ್ತದೆ, ಆಗ ಕೆಳಗಿನದು ಪ್ರತಿ ಮಾಡಲು ಶುರು ಮಾಡುತ್ತದೆ. ಪ್ರತಿ ಮಾಡುವುದಕ್ಕೂ ಒಂದು ಕ್ರಮವಿದೆ. ಮೊದಲು ತಂತ್ರಾಂಶದ ಪೊಟ್ಟಣಗಳು ಬರಬೇಕು, ಆಮೇಲೆ ಅವುಗಳ ಪಟ್ಟಿ ಬರಬೇಕು. ಪಟ್ಟಿ ಮೊದಲು ಬಂದರೆ, ಇನ್ನೂ ಬಂದಿಲ್ಲದ ಪೊಟ್ಟಣವನ್ನು ಬಳಕೆದಾರರ ಕಂಪ್ಯೂಟರ್ ಕೇಳಿ ತೊಡಕಾಗುತ್ತದೆ.

ನಿಮ್ಮ ಕೋರಿಕೆ ಯಾವ ಮಿರರ್‌ಗೆ ಹೋಗುತ್ತದೆ?

ಇದಕ್ಕೆ ಹಲವು ಪದ್ಧತಿಗಳಿವೆ.

1. ಪಟ್ಟಿಯಿಂದ ಆರಿಸುವುದು. ಇದು ಹಳೆಯ ಪದ್ಧತಿ. ದೇಶವಾರು ಪಟ್ಟಿ ನೋಡಿ ಬಳಕೆದಾರರೇ ಒಂದನ್ನು ಆರಿಸಿಕೊಳ್ಳುತ್ತಾರೆ.

2. ನಡುವಿನ ಸರ್ವರ್ ದಾರಿ ತೋರಿಸುವುದು. ಡೌನ್‌ಲೋಡ್ ಬಟನ್ ಒತ್ತಿದಾಗ ನಿಮ್ಮ ಐಪಿ ವಿಳಾಸದಿಂದ ದೇಶ ಮತ್ತು ನೆಟ್‌ವರ್ಕ್ ಗುರುತಿಸಿ, ಹತ್ತಿರದ ಸುಸ್ಥಿತಿಯಲ್ಲಿರುವ ಮಿರರ್‌ಗೆ ಕಳುಹಿಸುತ್ತದೆ. ಓಪನ್‌ಸುಸೆ ಯೋಜನೆಯಲ್ಲಿ ಬೆಳೆದ ಮಿರರ್‌ಬ್ರೈನ್ ಈ ಬಗೆಯದು. ಲಿಬ್ರೆಆಫೀಸ್ ಕೂಡ ಇದನ್ನು ಬಳಸಿದೆ. ವಿಎಲ್‌ಸಿ ತಯಾರಿಸುವ ವಿಡಿಯೋಲ್ಯಾನ್ ತಂಡ ಇದೇ ಕೆಲಸಕ್ಕಾಗಿ ಮಿರರ್‌ಬಿಟ್ಸ್ ಎಂಬುದನ್ನು ಬರೆದಿದೆ.

3. ಮೆಟಾಲಿಂಕ್. ಫೆಡೋರಾದ ಮಿರರ್‌ಮ್ಯಾನೇಜರ್ ಒಂದೇ ವಿಳಾಸದ ಬದಲು ಹಲವು ಮಿರರ್‌ಗಳ ಪಟ್ಟಿಯನ್ನೂ ಕಡತದ ಸರಿಯಾದ ಹ್ಯಾಶ್ ಸಂಖ್ಯೆಯನ್ನೂ ಕೊಡುತ್ತದೆ. ಒಂದು ಕೈಕೊಟ್ಟರೆ ಕಂಪ್ಯೂಟರ್ ತಾನೇ ಮುಂದಿನದಕ್ಕೆ ಹೋಗುತ್ತದೆ. ಕಾಲೇಜುಗಳು ತಮ್ಮ ಆವರಣಕ್ಕೆ ಮಾತ್ರ ಖಾಸಗಿ ಮಿರರ್ ನೋಂದಾಯಿಸಿ, ತಮ್ಮ ಕಂಪ್ಯೂಟರುಗಳೆಲ್ಲ ಅದಕ್ಕೇ ಹೋಗುವಂತೆ ಮಾಡುವ ಅವಕಾಶವೂ ಇದರಲ್ಲಿದೆ.

4. ಸಿಡಿಎನ್. ವಾಣಿಜ್ಯ ಕಂಪನಿಗಳು ದಾನವಾಗಿ ಕೊಟ್ಟ ಜಾಲ. ಡೆಬಿಯನ್‌ನ ಈಗಿನ ಸಾಮಾನ್ಯ ವಿಳಾಸದ ಹಿಂದೆ ಇರುವುದು ಇಂಥ ಜಾಲ. ಇದು ಅನುಕೂಲವೇ ಸರಿ. ಆದರೆ ಸಿಡಿಎನ್ ಕೇಳಿದ ಕಡತವನ್ನು ಮಾತ್ರ ಹತ್ತಿರ ತಂದಿಟ್ಟುಕೊಳ್ಳುತ್ತದೆ, ಕೇಳದಿದ್ದುದನ್ನು ಕೆಲ ಕಾಲದ ಮೇಲೆ ಬಿಟ್ಟುಬಿಡುತ್ತದೆ. ದಾನ ಕೊಟ್ಟ ಕಂಪನಿ ಮನಸ್ಸು ಬದಲಿಸಿದರೆ ವ್ಯವಸ್ಥೆಯೂ ಬದಲಾಗಬೇಕಾಗುತ್ತದೆ. ಆದ್ದರಿಂದ ಇಡೀ ಭಂಡಾರ ಇಟ್ಟುಕೊಂಡಿರುವ ಮಿರರ್‌ಗಳ ಅಗತ್ಯ ತಪ್ಪಿಲ್ಲ.

ಗುರುತಿಲ್ಲದವರ ಸರ್ವರ್ ನಂಬಬಹುದೆ?

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ಉತ್ತರ: ಸರ್ವರ್ ಇಟ್ಟವರನ್ನು ನಂಬಬೇಕಾಗಿಲ್ಲ, ಸಹಿಯನ್ನು ನಂಬಬೇಕು.

ಡೆಬಿಯನ್, ಉಬುಂಟುಗಳಲ್ಲಿ ಪ್ರತಿ ಪೊಟ್ಟಣದ ಹ್ಯಾಶ್ ಸಂಖ್ಯೆ ಒಂದು ಪಟ್ಟಿಯಲ್ಲಿರುತ್ತದೆ. ಆ ಪಟ್ಟಿಗಳ ಮೇಲಿನ ಮುಖ್ಯ ಕಡತಕ್ಕೆ ಮೂಲ ಯೋಜನೆಯವರು ಡಿಜಿಟಲ್ ಸಹಿ ಹಾಕಿರುತ್ತಾರೆ. ಸಹಿ ಪರೀಕ್ಷಿಸುವ ಕೀಲಿ ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ದಾರಿಯಲ್ಲಿ ಯಾರಾದರೂ ಒಂದು ಅಕ್ಷರ ತಿದ್ದಿದರೂ ಲೆಕ್ಕ ತಾಳೆಯಾಗುವುದಿಲ್ಲ, ಕಂಪ್ಯೂಟರ್ ಅದನ್ನು ತಿರಸ್ಕರಿಸುತ್ತದೆ. ಅರಗಿನ ಮುದ್ರೆ ಒತ್ತಿದ ಲಕೋಟೆಯನ್ನು ಯಾರ ಕೈಯಲ್ಲಿ ಕಳುಹಿಸಿದರೂ ಮುದ್ರೆ ಒಡೆದಿದ್ದರೆ ಗೊತ್ತಾಗುವ ಹಾಗೆ. ಹೊರುವ ಕೆಲಸವನ್ನೂ ಖಾತ್ರಿ ಕೊಡುವ ಕೆಲಸವನ್ನೂ ಹೀಗೆ ಬೇರೆ ಮಾಡಿದ್ದರಿಂದಲೇ ಸಣ್ಣ ಊರಿನ ಸಾಮಾನ್ಯ ಜನರೂ ಹೊರೆಗೆ ಹೆಗಲು ಕೊಡಲು ಸಾಧ್ಯವಾಗಿದೆ.

ಆದರೂ ಎರಡು ಎಚ್ಚರಿಕೆಗಳು ಬೇಕು.

ಒಂದು, ಹಳೆಯ ಪ್ರತಿಯ ಅಪಾಯ. 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರು ಬಾಡಿಗೆ ಸರ್ವರ್ ಪಡೆದು, ಕಾಲ್ಪನಿಕ ಹೆಸರಿನಲ್ಲಿ ಅರ್ಜಿ ಹಾಕಿ, ಹಲವು ಲಿನಕ್ಸ್ ವಿತರಣೆಗಳ ಅಧಿಕೃತ ಮಿರರ್ ಪಟ್ಟಿಗೆ ಸೇರಿ ತೋರಿಸಿದರು. ಅಂಥ ಮಿರರ್ ಕಡತ ತಿದ್ದಲಾರದು, ನಿಜ. ಆದರೆ ಸಹಿ ಸರಿಯಿರುವ ಹಳೆಯ ಪಟ್ಟಿಯನ್ನೇ ಕೊಡುತ್ತ ಕೂತು, ಭದ್ರತಾ ಪರಿಷ್ಕರಣೆ ನಿಮಗೆ ತಲುಪದಂತೆ ಮಾಡಬಹುದು. ಇದಕ್ಕೆ ಪರಿಹಾರವಾಗಿ ಡೆಬಿಯನ್ ತನ್ನ ಭದ್ರತಾ ಪಟ್ಟಿಗೆ ಗಡುವು ದಿನಾಂಕ ಹಾಕುತ್ತದೆ. ಗಡುವು ಮೀರಿದ ಪಟ್ಟಿಯನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಭದ್ರತಾ ಪರಿಷ್ಕರಣೆಗಳನ್ನು ಮಿರರ್‌ಗಳಿಂದ ಪಡೆಯದೆ ಯೋಜನೆಯ ಸ್ವಂತ ವಿಳಾಸದಿಂದಲೇ ಪಡೆಯಿರಿ ಎಂದೂ ಸಲಹೆ ಕೊಡುತ್ತದೆ. ಮಿರರ್ ಬದಲಿಸುವಾಗ ಭದ್ರತಾ ವಿಳಾಸದ ಸಾಲನ್ನು ಮುಟ್ಟಬೇಡಿ.

ಎರಡು, ಮೊದಲ ಬಾರಿಯ ಅನುಸ್ಥಾಪನೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಜಾಲತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ಬದಲಿಸಿ, ಹಾಳುಗೆಡವಿದ ಐಎಸ್‌ಒ ಕಡತ ಇಳಿಯುವಂತೆ ಮಾಡಿದ್ದರು. ಪುಟವನ್ನೇ ಬದಲಿಸಬಲ್ಲವರು ಅದೇ ಪುಟದಲ್ಲಿರುವ ಹ್ಯಾಶ್ ಸಂಖ್ಯೆಯನ್ನೂ ಬದಲಿಸಬಲ್ಲರು. ಆದ್ದರಿಂದ ಐಎಸ್‌ಒ ಇಳಿಸಿದ ಮೇಲೆ ಹ್ಯಾಶ್ ಮಾತ್ರವಲ್ಲ, ಸಹಿಯನ್ನೂ ಪರೀಕ್ಷಿಸಿ.

ನಮ್ಮ ಸುತ್ತಿನ ಮಿರರ್‌ಗಳು

ತಮಿಳುನಾಡಿನಲ್ಲಿ ಹೆಸರಾದದ್ದು ಚೆನ್ನೈನ ಐಐಟಿ ಮದ್ರಾಸ್ ಮಿರರ್. ಡೆಬಿಯನ್, ಉಬುಂಟು ಅಲ್ಲಿ ದೊರೆಯುತ್ತವೆ. ಐಐಟಿ ಕಾನ್ಪುರದ ಕಂಪ್ಯೂಟರ್ ವಿಜ್ಞಾನ ವಿಭಾಗವೂ ಮಿರರ್ ಇಟ್ಟಿದೆ. ಭುವನೇಶ್ವರದ ನೈಸರ್ ಸಂಸ್ಥೆ ಸಂಖ್ಯಾಶಾಸ್ತ್ರದ ಆರ್ ಭಾಷೆಯ ಪೊಟ್ಟಣಗಳನ್ನು ಇಟ್ಟಿದೆ. ಬೆಂಗಳೂರು ಮೂಲದ ನೆಕ್ಸ್ಟ್‌ಜೆನ್ ಡೇಟಾ ಸೆಂಟರ್ ಸಂಸ್ಥೆಯೂ ಹಲವು ವಿತರಣೆಗಳ ಮಿರರ್ ಒದಗಿಸಿದೆ. ಇವಲ್ಲದೆ ಸ್ವಂತ ಖರ್ಚಿನಲ್ಲಿ ಮಿರರ್ ನಡೆಸುವ ಸ್ವಯಂಸೇವಕರೂ ದೇಶದಲ್ಲಿದ್ದಾರೆ. ಡೆಬಿಯನ್ ಬಳಗದ ಜಾಗತಿಕ ಸಮ್ಮೇಳನ ಡೆಬ್‌ಕಾನ್ 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆಯಿತು.

ನಕ್ಷೆಯಲ್ಲಿ ಹತ್ತಿರವಿರುವುದೇ ವೇಗವಾಗಿರುತ್ತದೆ ಎಂದೇನಿಲ್ಲ. ಕೊಂಬೈನಿಂದ ಚೆನ್ನೈ ಹತ್ತಿರ. ಆದರೆ ನಿಮ್ಮ ಇಂಟರ್ನೆಟ್ ಕಂಪನಿಯ ಜಾಲ ಆ ಸಂಸ್ಥೆಯ ಜಾಲವನ್ನು ಮುಂಬೈಯಲ್ಲಿ ಸಂಧಿಸುತ್ತಿದ್ದರೆ ಕಡತ ಮುಂಬೈ ಸುತ್ತಿಯೇ ಬರುತ್ತದೆ. ಆದ್ದರಿಂದ ಊಹಿಸುವುದಕ್ಕಿಂತ ಅಳೆದು ನೋಡುವುದು ಒಳ್ಳೆಯದು. ಉಬುಂಟುವಿನ ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ನಲ್ಲಿ ‘ಸೆಲೆಕ್ಟ್ ಬೆಸ್ಟ್ ಸರ್ವರ್’ ಎಂಬ ಬಟನ್ ಇದೆ. ಲಿನಕ್ಸ್ ಮಿಂಟ್‌ನ ‘ಸಾಫ್ಟ್‌ವೇರ್ ಸೋರ್ಸಸ್’ ಮಿರರ್‌ಗಳ ವೇಗ ಅಳೆದು ಸಾಲಾಗಿ ತೋರಿಸುತ್ತದೆ.

ಶಾಲೆ, ಗ್ರಂಥಾಲಯಗಳಿಗೆ ಸ್ಥಳೀಯ ಕ್ಯಾಶ್

ಒಂದೇ ಕೊಠಡಿಯಲ್ಲಿ ಹಲವು ಕಂಪ್ಯೂಟರುಗಳಿರುವ ಕಡೆ ಪೂರ್ಣ ಮಿರರ್ ಬೇಕಿಲ್ಲ, ಕ್ಯಾಶ್ ಸಾಕು. ಮೊದಲ ಕಂಪ್ಯೂಟರ್ ಇಳಿಸಿಕೊಂಡ ಪೊಟ್ಟಣವನ್ನು ತೆಗೆದಿಟ್ಟುಕೊಂಡು ಉಳಿದವಕ್ಕೆ ಅಲ್ಲಿಂದಲೇ ಕೊಡುವುದು ಕ್ಯಾಶ್. ಡೆಬಿಯನ್ ಮತ್ತು ಉಬುಂಟು ಬಳಗಕ್ಕೆ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ತಂತ್ರಾಂಶ ಇದನ್ನು ಮಾಡುತ್ತದೆ. ಹಳೆಯ ಡೆಸ್ಕ್‌ಟಾಪ್ ಒಂದರಲ್ಲಿ ಅದನ್ನು ಹಾಕಿ, ಉಳಿದ ಕಂಪ್ಯೂಟರುಗಳ ಆಪ್ಟ್ ಪ್ರಾಕ್ಸಿಯಾಗಿ ಆ ಯಂತ್ರದ ಐಪಿ ವಿಳಾಸ ಮತ್ತು 3142 ಪೋರ್ಟ್ ಸಂಖ್ಯೆ ಕೊಟ್ಟರೆ ಮುಗಿಯಿತು.

ಇದರ ಲಾಭ ಲೆಕ್ಕ ಹಾಕಿ ನೋಡಿ. 20 ಕಂಪ್ಯೂಟರುಗಳಿರುವ ಪ್ರಯೋಗಾಲಯ, ಒಂದೊಂದಕ್ಕೂ 500 ಎಂಬಿ ಪರಿಷ್ಕರಣೆ, ಸಂಪರ್ಕ ಸೆಕೆಂಡಿಗೆ 10 ಮೆಗಾಬಿಟ್ ಎಂದುಕೊಳ್ಳೋಣ. ಎಲ್ಲವೂ ಬೇರೆ ಬೇರೆ ಇಳಿಸಿಕೊಂಡರೆ ಒಟ್ಟು 10 ಜಿಬಿ, ಸಂಪರ್ಕ ಪೂರ್ಣ ವೇಗದಲ್ಲಿದ್ದರೂ ಸುಮಾರು 2 ಗಂಟೆ 13 ನಿಮಿಷ. ಕ್ಯಾಶ್ ಇದ್ದರೆ ಹೊರಗಿನಿಂದ ಬರುವುದು 500 ಎಂಬಿ, ಸುಮಾರು 7 ನಿಮಿಷ. ಮಿರರ್‌ನ ಹೊರೆಯೂ 20ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕ ಸದಸ್ಯರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ವಿಷಯ. ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ವ್ಯವಸ್ಥೆ ಬಳಕೆಯಲ್ಲಿದೆ. ತಾಳವಾಡಿ, ಹೊಸೂರು, ಅಕ್ಕಲಕೋಟೆ, ಜತ್ತ ಕಡೆಯ ಗ್ರಂಥಾಲಯ ಅಥವಾ ಸಂಘದ ಕೊಠಡಿಯಲ್ಲಿ ನಾಲ್ಕು ಲಿನಕ್ಸ್ ಕಂಪ್ಯೂಟರುಗಳಿದ್ದರೂ ಕ್ಯಾಶ್ ಇಡುವುದು ಲಾಭವೇ.

ಮನೆಯಿಂದ ಪಾಲು: ಟೊರೆಂಟ್

ಮನೆಯ ಇಂಟರ್ನೆಟ್‌ನಲ್ಲಿ ಸಾರ್ವಜನಿಕ ಮಿರರ್ ನಡೆಸುವುದು ಕಷ್ಟ. ಹಲವು ಕಂಪನಿಗಳು ಒಂದೇ ಹೊರ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಹೊರಗಿನವರು ನಿಮ್ಮ ಯಂತ್ರವನ್ನು ತಲುಪಲಾರರು. ತಿಂಗಳ ಮಿತಿ ದಾಟಿದ ಮೇಲೆ ವೇಗವೂ ಕುಸಿಯುತ್ತದೆ.

ಆದರೆ ಬಿಟ್‌ಟೊರೆಂಟ್ ಮೂಲಕ ಪಾಲು ಕೊಡಬಹುದು. ಡೆಬಿಯನ್, ಉಬುಂಟು, ಲಿಬ್ರೆಆಫೀಸ್ ಎಲ್ಲವೂ ಅಧಿಕೃತ ಟೊರೆಂಟ್ ಕಡತ ಕೊಡುತ್ತವೆ. ಐಎಸ್‌ಒ ಇಳಿಸಿದ ಮೇಲೂ ಟೊರೆಂಟ್ ತಂತ್ರಾಂಶವನ್ನು ಕೆಲವು ದಿನ ತೆರೆದಿಟ್ಟರೆ ನಿಮ್ಮಿಂದ ಇತರರಿಗೆ ತುಣುಕುಗಳು ಹೋಗುತ್ತವೆ. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಿಕೊಳ್ಳಬಹುದು. ಟೊರೆಂಟ್ ಎಂದರೆ ಕದ್ದ ಸಿನಿಮಾ ಎಂಬ ಭಾವನೆ ಹಲವರಲ್ಲಿದೆ. ಮುಕ್ತ ತಂತ್ರಾಂಶವನ್ನು ಹಂಚುವ ಹಕ್ಕನ್ನು ಅದರ ಪರವಾನಗಿಯೇ ಕೊಟ್ಟಿದೆ, ಇದರಲ್ಲಿ ಅಳುಕಬೇಕಾದ್ದಿಲ್ಲ. ಕಾಲೇಜು, ಕಚೇರಿಗಳ ಜಾಲದಲ್ಲಿ ಟೊರೆಂಟ್‌ಗೆ ತಡೆ ಇದ್ದರೆ ಮಾತ್ರ ಅಲ್ಲಿನ ನಿಯಮ ಪಾಲಿಸಿ.

ಪುಟ್ಟ ಮಿರರ್

ದೊಡ್ಡ ಮಿರರ್‌ಗೆ ಹತ್ತಾರು ಟಿಬಿ ಡಿಸ್ಕ್ ಬೇಕು. ಡೆಬಿಯನ್ ಒಂದೇ, ಎಲ್ಲ ಬಗೆಯ ಪ್ರೊಸೆಸರ್‌ಗಳಿಗೂ ಸೇರಿ, ಹಲವು ಟಿಬಿ ಆಗುತ್ತದೆ. ಆದರೆ ಎಲ್ಲವನ್ನೂ ಎಲ್ಲರೂ ಇಡಬೇಕಾಗಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಎಫ್‌ಸಿಐಎಕ್ಸ್ ಎಂಬ ಇಂಟರ್ನೆಟ್ ವಿನಿಮಯ ಕೇಂದ್ರದ ಸ್ವಯಂಸೇವಕರು ‘ಮೈಕ್ರೋ ಮಿರರ್’ ಎಂಬ ಯೋಜನೆ ನಡೆಸಿದ್ದಾರೆ. ಬ್ಯಾಂಕು, ಕಚೇರಿಗಳಲ್ಲಿ ಕಾಣುವ ಸಣ್ಣ ಥಿನ್ ಕ್ಲೈಂಟ್ ಪೆಟ್ಟಿಗೆಗೆ ಎಸ್‌ಎಸ್‌ಡಿ ಹಾಕಿ, ಹೆಚ್ಚು ಬೇಡಿಕೆಯಿರುವ ಕೆಲವೇ ಯೋಜನೆಗಳ ಕಡತಗಳನ್ನು ತುಂಬಿ, ಇಂಟರ್ನೆಟ್ ಕಂಪನಿಗಳ ಕೇಂದ್ರಗಳಲ್ಲಿ ಇಡುತ್ತಾರೆ. ಪೆಟ್ಟಿಗೆಯ ನಿರ್ವಹಣೆ ತಂಡದ್ದು, ಜಾಗ, ವಿದ್ಯುತ್ತು ಮತ್ತು ಬ್ಯಾಂಡ್‌ವಿಡ್ತ್ ಕಂಪನಿಯದು.

ಕಂಪನಿಗೂ ಇದರಲ್ಲಿ ಲಾಭವಿದೆ. ಗ್ರಾಹಕರ ಡೌನ್‌ಲೋಡ್ ತನ್ನ ಜಾಲದೊಳಗೇ ಮುಗಿದರೆ ಹೊರಗಿನ ಸಂಪರ್ಕಕ್ಕೆ ಕೊಡುವ ಹಣ ಉಳಿಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ ಸಂಪರ್ಕ ದಿನವಿಡೀ ಪೂರ್ಣ ಕೆಲಸ ಮಾಡಿದರೆ 1 ಟಿಬಿಗೂ ಸ್ವಲ್ಪ ಹೆಚ್ಚು ಕಡತ ಹಂಚಬಲ್ಲದು. ಜಿಲ್ಲಾ ಕೇಂದ್ರದ ಎಂಜಿನಿಯರಿಂಗ್ ಕಾಲೇಜು ಅಥವಾ ಸ್ಥಳೀಯ ಕೇಬಲ್ ಇಂಟರ್ನೆಟ್ ನಡೆಸುವವರ ಬಳಿ ಪರಿಚಯವಿರುವ ಸದಸ್ಯರು ಈ ಮಾದರಿಯ ಬಗ್ಗೆ ಮಾತಾಡಿ ನೋಡಬಹುದು.

ತೊಂದರೆ ಬಂದಾಗ

‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂದು ಬಂದರೆ: ಮಿರರ್ ಅದೇ ಹೊತ್ತಿಗೆ ಪ್ರತಿ ಮಾಡಿಕೊಳ್ಳುತ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ಪಟ್ಟಿಯನ್ನು ಹೊಸದಾಗಿ ತರಿಸಿ. ಮತ್ತೂ ಬಂದರೆ ಮಿರರ್ ಬದಲಿಸಿ. ಪರೀಕ್ಷೆ ತಪ್ಪಿಸಿ ಮುಂದುವರಿಯಬೇಡಿ.

‘404’ ಎಂದು ಬಂದರೆ: ನಿಮ್ಮಲ್ಲಿರುವ ಪಟ್ಟಿ ಹಳೆಯದಾಗಿದೆ, ಪೊಟ್ಟಣದ ಹೊಸ ಆವೃತ್ತಿ ಬಂದು ಹಳೆಯದನ್ನು ತೆಗೆದಿದ್ದಾರೆ. ಪಟ್ಟಿಯನ್ನು ಹೊಸದಾಗಿಸಿದರೆ ಸರಿಹೋಗುತ್ತದೆ.

ಪ್ರತಿ ಪೊಟ್ಟಣಕ್ಕೂ ‘404’ ಬಂದರೆ: ನಿಮ್ಮ ಆವೃತ್ತಿಯ ಅವಧಿಯೇ ಮುಗಿದಿರಬಹುದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಅವಧಿ ಮುಗಿದ ಆವೃತ್ತಿಗಳನ್ನು ಮಿರರ್‌ಗಳಿಂದ ತೆಗೆದು, ಹಳೆಯವುಗಳಿಗೆಂದೇ ಇರುವ ಪ್ರತ್ಯೇಕ ಸಂಗ್ರಹಕ್ಕೆ ಸಾಗಿಸುತ್ತಾರೆ. ಅಲ್ಲಿಂದ ಪಡೆಯಬಹುದು, ಆದರೆ ಅವಕ್ಕೆ ಭದ್ರತಾ ಪರಿಷ್ಕರಣೆ ಇರುವುದಿಲ್ಲ. ಹೊಸ ಆವೃತ್ತಿ ಹಾಕುವುದೇ ಒಳ್ಳೆಯದು.

ಮಿರರ್ ಸ್ತಬ್ಧವಾಗಿದೆ ಎನಿಸಿದರೆ: ಡೆಬಿಯನ್ ಮಿರರ್‌ಗಳಲ್ಲಿ ಕೊನೆಯ ಬಾರಿ ಪ್ರತಿ ಮಾಡಿದ ಸಮಯ ಬರೆದಿಡುವ ‘ಟ್ರೇಸ್’ ಕಡತವಿರುತ್ತದೆ. ಅದು ಹಲವು ದಿನ ಹಿಂದಿನದಾಗಿದ್ದರೆ ಮಿರರ್ ನಡೆಸುವವರಿಗೂ ಯೋಜನೆಯ ಮಿರರ್ ತಂಡಕ್ಕೂ ಎರಡು ಸಾಲು ಬರೆದು ತಿಳಿಸಿ. ಮಿರರ್‌ಗಳು ಸಾಮಾನ್ಯವಾಗಿ ನಿಲ್ಲುವುದು ದ್ವೇಷದಿಂದಲ್ಲ. ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಓದು ಮುಗಿಸಿ ಹೋಗಿರುತ್ತಾನೆ, ಡಿಸ್ಕ್ ತುಂಬಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ಬಳಸುವವರು ತಿಳಿಸಿದರೇ ಅದು ಸರಿಹೋಗುವುದು.

ಪದಗಳ ಅರ್ಥ

ಬ್ಯಾಂಡ್‌ವಿಡ್ತ್: ಒಂದು ಸೆಕೆಂಡಿನಲ್ಲಿ ಸಂಪರ್ಕದ ಮೂಲಕ ಸಾಗಬಲ್ಲ ದತ್ತಾಂಶದ ಪ್ರಮಾಣ. 8 ಮೆಗಾಬಿಟ್ ಸೇರಿದರೆ 1 ಎಂಬಿ.

ಪೊಟ್ಟಣ: ಅನುಸ್ಥಾಪನೆಗೆ ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶ, ಪ್ಯಾಕೇಜ್.

ಭಂಡಾರ: ಪೊಟ್ಟಣಗಳೂ ಅವುಗಳ ಪಟ್ಟಿಯೂ ಇರುವ ಸಂಗ್ರಹ, ರೆಪಾಸಿಟರಿ.

ಹ್ಯಾಶ್: ಕಡತದ ಬೆರಳಚ್ಚಿನಂಥ ಸಂಖ್ಯೆ. ಕಡತದಲ್ಲಿ ಒಂದು ಬಿಟ್ ಬದಲಾದರೂ ಇದು ಬೇರೆಯಾಗುತ್ತದೆ.

ಐಎಸ್‌ಒ: ಪೂರ್ಣ ಅನುಸ್ಥಾಪನಾ ಡಿಸ್ಕ್‌ನ ಪ್ರತಿಯಾದ ಒಂದೇ ಕಡತ.

ಕ್ಯಾಶ್: ಒಮ್ಮೆ ತಂದದ್ದನ್ನು ಮರುಬಳಕೆಗೆ ಹತ್ತಿರ ಇಟ್ಟುಕೊಳ್ಳುವ ಏರ್ಪಾಡು.

ಸಿಡಿಎನ್: ಹಲವು ಊರುಗಳಲ್ಲಿ ಕ್ಯಾಶ್ ಸರ್ವರ್ ಇಟ್ಟು ಕಡತ ಹಂಚುವ ವಾಣಿಜ್ಯ ಜಾಲ.